ನಮ್ಮನ್ನು ಶಾಮಿಯಾನದ ಲೆಕ್ಕಕ್ಕೆ ಬರೆಯಬೇಡಿ

ಗೆ,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಸ್ವತಂತ್ರವಾಗಿ ಧ್ವನಿಮುದ್ರಣ ಮತ್ತು ಸಂಗೀತ ನಿರ್ಮಾಣ ಮಾಡುವವರಿಗೆ ದರ, ಹೆಸರು ಮತ್ತು ರಕ್ಷಣೆ ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ಹಾಸನ ತಾಲ್ಲೂಕಿನ ಸಾಲಗಾಮೆಯಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡು ಬದುಕುತ್ತಿರುವವನು. ಹಾಡುವವರ ದನಿ ಹಿಡಿದು, ತಿದ್ದಿ, ವಾದ್ಯಗಳ ಜೊತೆ ಹದವಾಗಿ ಬೆರೆಸಿ, ಕೇಳುವವರಿಗೆ ಮುಟ್ಟಿಸುವುದು ನನ್ನ ಕಸುಬು. ಸಂಬಳ ಕೊಡುವ ಧಣಿ ಇಲ್ಲ, ಕಂಪನಿಯ ಬೋರ್ಡೂ ಇಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯೂ ಇದೇ ಕೆಲಸ ಮಾಡುವ ಹುಡುಗರಿದ್ದಾರೆ. ಅವರಿಗೂ ನನಗೂ ಆಗುತ್ತಿರುವ ತೊಂದರೆ ಒಂದೇ ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಈಚೆಗೆ ಒಂದು ಸರ್ಕಾರಿ ಕಚೇರಿಯವರು ಕರೆದು, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಹೇಳುವ ಜಾಗೃತಿ ಗೀತೆಯೊಂದನ್ನು ಮಾಡಿಕೊಡಲು ಕೇಳಿದರು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಯಾರನ್ನೂ ಸಿಕ್ಕಿಸುವ ಉದ್ದೇಶ ನನಗಿಲ್ಲ. ಸಾಹಿತ್ಯ ಒಬ್ಬ ಮೇಷ್ಟ್ರದು, ಹಾಡಿದ್ದು ನಮ್ಮ ಕಡೆಯ ಇಬ್ಬರು ಹೆಣ್ಣುಮಕ್ಕಳು. ಕಸದ ಗಾಡಿಯ ಮೇಲೆ ಕಟ್ಟುವುದು ಹಾರ್ನ್ ಸ್ಪೀಕರು. ಅದರಲ್ಲಿ ತಬಲಾದ ಡಗ್ಗಾ ಕೇಳಿಸುವುದಿಲ್ಲ, ಢೋಲಕ್ಕಿನ ಗುಮುಗುಮು ಬರುವುದಿಲ್ಲ. ಕೆಳಸ್ಥಾಯಿಯದೆಲ್ಲ ಕೆಸರಾಗಿ, ಎತ್ತರದ ದನಿ ಕಿವಿಗೆ ಚುಚ್ಚುತ್ತದೆ. ಮನೆಯ ಒಳ್ಳೆಯ ಸ್ಪೀಕರಿನಲ್ಲಿ ಚೆಂದ ಕೇಳಿಸುವಂತೆ ಮಿಕ್ಸ್ ಮಾಡಿದ ಹಾಡು ಆ ಗಾಡಿಯ ಮೇಲೆ ಬರೀ ಕಿರುಚಾಟವಾಗುತ್ತದೆ. ಹಾಗಾಗಿ ಮೈಕ್‌ಸೆಟ್ಟಿನ ಗೆಳೆಯನಿಂದ ಒಂದು ಹಾರ್ನ್ ತಂದು ಮನೆಯ ಮುಂದಿನ ತೆಂಗಿನ ಮರಕ್ಕೆ ಕಟ್ಟಿ, ರಸ್ತೆಯ ಆ ತುದಿಯಲ್ಲಿ ನಿಂತು ಕೇಳಿ, ಒಳಗೆ ಬಂದು ತಿದ್ದಿ, ಮತ್ತೆ ಹೋಗಿ ಕೇಳಿದೆ. ತಾಳವನ್ನು ಡಗ್ಗಾದಿಂದ ತೆಗೆದು ಕಂಜರಕ್ಕೆ ಕೊಟ್ಟೆ. ಹೆಣ್ಣುಮಕ್ಕಳ ದನಿಯಲ್ಲಿನ ಸಕಾರ ಶಕಾರಗಳ ಸೀಟಿ ತಗ್ಗಿಸಿದೆ. ಮಾತು ಮಾತಾಗಿ ಕೇಳಿಸಿದ ಮೇಲೇ ಕಳಿಸಿದ್ದು. ಆ ಹಾಡು ಇವತ್ತಿಗೂ ಬೆಳಿಗ್ಗೆ ಬೀದಿ ಬೀದಿಯಲ್ಲಿ ಕೇಳಿಸುತ್ತಿದೆ, ಅದರ ಬಗ್ಗೆ ನನಗೆ ಸಂತೋಷವಿದೆ.

ಬಿಡುಗಡೆಯ ದಿನ ಮೇಷ್ಟ್ರಿಗೆ ಶಾಲು ಹೊದಿಸಿದರು, ಹಾಡಿದವರಿಗೆ ಹಾರ ಹಾಕಿದರು. ಅದು ಆಗಬೇಕಾದದ್ದೇ. ಹಾಡಿನ ಫಲಕದಲ್ಲಿ ಅಧಿಕಾರಿಗಳ ಹೆಸರು, ಪದನಾಮಗಳ ಸಮೇತ ಇತ್ತು. ಧ್ವನಿಮುದ್ರಣ ಯಾರದು ಎಂಬ ಸಾಲೇ ಇರಲಿಲ್ಲ. ನಾನು ಕೊಟ್ಟ ಬಿಲ್ಲನ್ನು ಅರ್ಧಕ್ಕೂ ಕಡಿಮೆ ಮಾಡಿ, ಬಹಳ ತಿಂಗಳಾದ ಮೇಲೆ ಪಾಸು ಮಾಡಿದರು. ಯಾವ ಬಾಬ್ತಿನಲ್ಲಿ ಎಂದು ನೋಡಿದರೆ 'ಧ್ವನಿವರ್ಧಕ, ಶಾಮಿಯಾನ ಮತ್ತು ಕುರ್ಚಿ ಬಾಡಿಗೆ' ಎಂದಿತ್ತು. ಕೇಳಲು ಹೋದಾಗ ಕೇಸ್ ವರ್ಕರ್ ಮರ್ಯಾದೆಯಿಂದಲೇ ಮಾತಾಡಿಸಿದರು. "ಏನ್ ಮಾಡೋದು ಸಾರ್, ರೆಕಾರ್ಡಿಂಗ್ ಅಂತ ನಮ್ಮಲ್ಲಿ ಬಾಬ್ತೇ ಇಲ್ಲ. ಆಡಿಟ್‌ನೋರು ಕೇಳಿದ್ರೆ ನಾನೇನ್ ಹೇಳ್ಲಿ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾಬ್ತು ಇಲ್ಲದಿರುವುದೇ ನನ್ನ ದೂರು.

ಮೈಕ್‌ಸೆಟ್ಟು, ಶಾಮಿಯಾನದವರನ್ನು ನಾನು ಕೀಳಾಗಿ ಕಾಣುವವನಲ್ಲ. ಹಬ್ಬ ಜಾತ್ರೆಗಳಲ್ಲಿ ರಾತ್ರಿಯಿಡೀ ಕಂಬ ಹತ್ತಿ ವೈರು ಎಳೆಯುವ ಕಷ್ಟ ಏನೆಂದು ಬಲ್ಲೆ. ಆದರೆ ಬಾಡಿಗೆ ಬೇರೆ, ಕೃತಿ ಬೇರೆ. ಶಾಮಿಯಾನ ಸಂಜೆಗೆ ಬಿಚ್ಚಿಕೊಂಡು ಹೋಗುತ್ತದೆ. ನಾನು ಕೊಟ್ಟದ್ದು ಅವರ ಬಳಿಯೇ ಉಳಿದು, ವರ್ಷಗಟ್ಟಲೆ ಬಳಕೆಯಾಗುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹೇಗೆ ಸರಿ?

ಈ ಕೆಲಸ ಏನೆಂಬುದು ಕಚೇರಿಗಳಿಗೆ ಗೊತ್ತಿಲ್ಲದಿರುವುದೇ ಮೂಲ ತೊಂದರೆ ಇರಬಹುದು. ದೊಡ್ಡ ಊರುಗಳಲ್ಲಿ ನಿರ್ಮಾಪಕ, ವಾದ್ಯ ಸಂಯೋಜಕ, ರೆಕಾರ್ಡಿಂಗ್ ಎಂಜಿನಿಯರ್, ಮಿಕ್ಸ್ ಮಾಡುವವರು, ಮಾಸ್ಟರಿಂಗ್ ಮಾಡುವವರು ಎಂದು ಬೇರೆ ಬೇರೆ ಜನ ಇರುತ್ತಾರೆ. ಸಾಲಗಾಮೆಯಂಥ ಊರಿನಲ್ಲಿ ಅಷ್ಟೂ ಒಬ್ಬನದೇ. ಹಾಡುವವರನ್ನು ಹುಡುಕುವುದು, ಅವರ ಶ್ರುತಿ ಗೊತ್ತು ಮಾಡುವುದು, ನುಡಿಸುವವರನ್ನು ಒಪ್ಪಿಸುವುದು, ಕರೆಂಟು ಇರುವ ಹೊತ್ತು ನೋಡಿ ಕೂರಿಸುವುದು, ಹಾಡು ಮುಗಿದ ಮೇಲೆ ಉಸಿರು ಉಸಿರನ್ನೂ ಜೋಡಿಸುವುದು, ಕೊನೆಗೆ ಅಂತರ್ಜಾಲಕ್ಕೆ ಏರಿಸಿ ಪ್ರತಿ ಹಾಡಿಗೂ ಆ ಮುದ್ರಣದ ಗುರುತಾದ ಐಎಸ್‌ಆರ್‌ಸಿ ಸಂಖ್ಯೆ ಕೊಡಿಸುವುದು. ಇಲ್ಲಿ ಶಬ್ದನಿರೋಧಕ ಗೋಡೆಗೆ ಹಾಕುವಷ್ಟು ಬಂಡವಾಳ ಯಾರ ಬಳಿಯೂ ಇಲ್ಲ. ಗೋಣಿಚೀಲ, ಹಳೆಯ ಹಾಸಿಗೆ, ಕಂಬಳಿ ತೂಗುಹಾಕಿ ಕೋಣೆಯ ಗುಂಯ್‌ಗುಡುವಿಕೆ ತಗ್ಗಿಸುತ್ತೇವೆ. ಮಳೆಗಾಲದಲ್ಲಿ ಶೀಟಿನ ಮೇಲೆ ಹನಿ ಬಿದ್ದರೆ ಅವತ್ತಿನ ಕೆಲಸ ಅಲ್ಲಿಗೇ ನಿಂತಿತು. ಶುಂಠಿ ತೊಳೆಯುವ ಕಾಲದಲ್ಲಿ ಮೋಟಾರಿನ ಸದ್ದು ಹಗಲೆಲ್ಲ. ಮುಖ್ಯ ಲೈನಿನ 50 ಹರ್ಟ್ಜ್ ಗೊಂಯ್ ಎನ್ನುವುದು ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ದನಿಯ ಒಳಕ್ಕೇ ಇಳಿದುಬಿಡುತ್ತದೆ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡಬೇಕು; ವೋಲ್ಟೇಜು ಕುಸಿದಾಗ ಯುಪಿಎಸ್ ಕೈಕೊಟ್ಟರೆ ಹಾಡಿನ ನಡುವೆಯೇ ಎಲ್ಲ ನಿಂತುಹೋಗುತ್ತದೆ. ಒಮ್ಮೆ ಹಾಡಿದ್ದನ್ನು ಅದೇ ಭಾವದಲ್ಲಿ ಇನ್ನೊಮ್ಮೆ ಹಾಡಿ ಎಂದು ಎಪ್ಪತ್ತು ದಾಟಿದವರನ್ನು ಕೇಳುವುದು ಎಷ್ಟು ಕಷ್ಟ ಎಂಬುದು ಕೇಳಿದವನಿಗೇ ಗೊತ್ತು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಹೋಬಳಿಯ ಒಬ್ಬ ಅಜ್ಜಿಗೆ ರಾಗಿ ಬೀಸುವ ಪದ, ಸೋಬಾನೆ ಪದ ರಾಶಿ ಬರುತ್ತವೆ. ಕೋಣೆಗೆ ಕರೆತಂದು ಮೈಕಿನ ಮುಂದೆ ಕೂರಿಸಿ ಹೆಡ್‌ಫೋನು ಹಾಕಿದರೆ ಅವರ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. "ಕಲ್ಲು ಕೈಗ್ ಸಿಕ್ದೆ ಪದ ಬರಕಿಲ್ಲ ಕಣ್ ಮಗ" ಎಂದರು. ಸರಿ, ಅವರ ಮನೆಗೇ ಹೋದೆವು. ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದ ಕೂಡಲೇ ಪದ ತಾನಾಗಿ ಬಂತು. ಆದರೆ ಕಲ್ಲಿನ ಗುರುಗುರು ದನಿಯನ್ನೇ ನುಂಗುತ್ತಿತ್ತು. ಕಲ್ಲನ್ನು ತೆಗೆದರೆ ಪದ ಇಲ್ಲ, ಇಟ್ಟರೆ ಪದ ಕೇಳಿಸುವುದಿಲ್ಲ. ಕಲ್ಲಿನ ಕೆಳಗೆ ಮಡಿಸಿದ ಗೋಣಿ ಹಾಕಿ, ಒಂದು ಮೈಕನ್ನು ಅವರ ಕಿವಿಯ ಎತ್ತರದಲ್ಲಿ, ಕಲ್ಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಇನ್ನೊಂದನ್ನು ದೂರದಲ್ಲಿ ಕಲ್ಲಿನ ಸದ್ದಿಗೆಂದೇ ಇಟ್ಟೆ. ಒಲೆಯ ಪಕ್ಕ ಕೂತಿದ್ದ ಸೊಸೆ ಸೊಲ್ಲಿಗೆ ಸೊಲ್ಲು ಕೊಟ್ಟರು, ಅದನ್ನು ಬೇಕೆಂದೇ ಬಿಟ್ಟೆ. ಕಲ್ಲು ತಿರುಗುವ ಲಯವೇ ಆ ಪದದ ತಾಳ. ರಾಗಿ ಹಾಕಲು ಕೈ ಎತ್ತಿದಾಗ ಕಲ್ಲು ನಿಧಾನವಾಗುತ್ತದೆ, ಆಗ ಪದವೂ ಎಳೆಯುತ್ತದೆ. ಕಂಪ್ಯೂಟರಿನ ತಾಳಕ್ಕೆ ಕಟ್ಟಿ ಅದನ್ನು 'ಸರಿ' ಮಾಡಿದ್ದರೆ ಆ ಪದ ಸತ್ತುಹೋಗುತ್ತಿತ್ತು. ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂಬ ತೀರ್ಮಾನ ಯಂತ್ರ ಕೊಡುವುದಿಲ್ಲ. ಅದಕ್ಕೆ ಕಿವಿ ಬೇಕು, ಆ ಊರಿನ ಬಾಳ್ವೆ ಗೊತ್ತಿರಬೇಕು. ನಮ್ಮ ಕೆಲಸದಲ್ಲಿರುವ ಕಲೆ ಅದು.

ಪೌರಾಣಿಕ ನಾಟಕದ ಹಾಡುಗಳದೂ ಅಷ್ಟೇ. ಹಾಸನ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಕಮ್ಮಿ. ಹಾರ್ಮೋನಿಯಂ ಮೇಷ್ಟ್ರ ಪೆಡಲಿನ ಕಿರಿಕಿರಿ, ಪಾತ್ರಧಾರಿ ರಂಗಗೀತೆಯ ಕೊನೆಯಲ್ಲಿ ಒಮ್ಮೆಗೇ ಏರಿಸುವ ದನಿ, ಇವುಗಳನ್ನು ಒಡೆಯದಂತೆ ಹಿಡಿಯಬೇಕಾದರೆ ಆ ಹಾಡು ಎಲ್ಲಿ ಏರುತ್ತದೆ ಎಂದು ಮೊದಲೇ ಗೊತ್ತಿರಬೇಕು. ಆ ಮೇಷ್ಟ್ರುಗಳಲ್ಲಿ ಹಲವರಿಗೆ ವಯಸ್ಸಾಗಿದೆ. ಅವರ ಬಾಯಲ್ಲಿರುವ ಮಟ್ಟುಗಳು ಪುಸ್ತಕದಲ್ಲಿ ಇಲ್ಲ.

ಹಾಸನ ಜಿಲ್ಲೆ ಸಂಗೀತಕ್ಕೆ ಬಡ ಜಿಲ್ಲೆಯಲ್ಲ ಎಂಬುದು ತಮಗೆ ಗೊತ್ತಿದೆ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಒಂದೇ ಊರು ಆರ್.ಕೆ. ಶ್ರೀಕಂಠನ್ ಅವರನ್ನು ಕೊಟ್ಟಿತು, ರುದ್ರಪಟ್ಟಣಂ ಸಹೋದರರನ್ನು ಕೊಟ್ಟಿತು, ಆರ್.ಕೆ. ಪದ್ಮನಾಭ ಅವರನ್ನು ಕೊಟ್ಟಿತು. ಶ್ರೀಕಂಠನ್ ಅವರು 1920ರಲ್ಲಿ ಅಲ್ಲಿ ಹುಟ್ಟಿ, 2014ರಲ್ಲಿ ತೀರಿಕೊಳ್ಳುವವರೆಗೆ ಹಾಡುತ್ತಲೇ ಇದ್ದವರು. ಆಕಾಶವಾಣಿಯಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು. ಅಲ್ಲಿ ಧ್ವನಿಮುದ್ರಣ ಒಂದು ಸಂಬಳದ, ಗೌರವದ ಕೆಲಸವಾಗಿತ್ತು. ಆದ್ದರಿಂದಲೇ ಅಂಥವರ ಹಾಡಿಕೆಯನ್ನು ಇವತ್ತೂ ಕೇಳಬಹುದು. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು 'ಹಳ್ಳಿಯ ಹಾಡುಗಳು' ಸಂಗ್ರಹಿಸಿದರು. ಸಕಲೇಶಪುರದ ಎಸ್.ಕೆ. ಕರೀಂಖಾನ್ ಅವರನ್ನು ನಾಡು ಜಾನಪದ ಜಂಗಮ ಎಂದೇ ಕರೆಯಿತು. ಇವರಿಬ್ಬರೂ ಹಾಡಿನ ಮಾತುಗಳನ್ನು ಉಳಿಸಿಕೊಟ್ಟರು. ಆ ಮಾತುಗಳನ್ನು ಹಾಡಿದ ದನಿಗಳಲ್ಲಿ ಎಷ್ಟು ಉಳಿದಿವೆ? ಎಚ್.ಎಲ್. ನಾಗೇಗೌಡರು ಟೇಪು ಹಿಡಿದು ಊರೂರು ಸುತ್ತಿ, ರಾಮನಗರದ ಜಾನಪದ ಲೋಕದಲ್ಲಿ ಕೂಡಿಹಾಕಿದ್ದರಿಂದ ಒಂದಷ್ಟು ಉಳಿಯಿತು. ಈಗ ಆ ಕೆಲಸ ನಮ್ಮಂಥವರ ಕೈಯಲ್ಲಿದೆ, ನಮ್ಮ ಹಾರ್ಡ್‌ಡಿಸ್ಕುಗಳಲ್ಲಿದೆ. ಒಂದು ಡಿಸ್ಕು ಕೆಟ್ಟರೆ ಒಂದು ಊರಿನ ದನಿಯೇ ಹೋಯಿತು.

ಕನ್ನಡದ ದನಿ ಹಿಡಿಯಲು ಪರವೂರಿಗೆ ಹೋಗಬೇಕಾದ ಕಾಲವಿತ್ತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಲಾಪುರದಲ್ಲಿ, 1934ರಲ್ಲಿ ಅದು ತೆರೆಗೆ ಬಂತು. ಆಮೇಲೆ ದಶಕಗಳ ಕಾಲ ನಮ್ಮ ಸಿನಿಮಾ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ಹುಟ್ಟಿದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದಾಗ ಅದು ಬರೀ ವ್ಯಾಪಾರವಾಗಿರಲಿಲ್ಲ, ಕನ್ನಡ ತನ್ನ ದನಿಯನ್ನು ತನ್ನ ನೆಲದಲ್ಲೇ ಹಿಡಿಯಬೇಕು ಎಂಬ ಹಟವಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಭಾವಗೀತೆ ಸಭಾಂಗಣ ಬಿಟ್ಟು ಮನೆಮನೆಗೆ ಬಂತು. ಕವಿಯ ಹೆಸರು, ಹಾಡಿದವರ ಹೆಸರು ನಮಗೆಲ್ಲ ಬಾಯಿಪಾಠ. ಆ ಕ್ಯಾಸೆಟ್ಟಿನ ಧ್ವನಿಮುದ್ರಣ ಮಾಡಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಇಷ್ಟು ದೂರ ಬಂದ ಕೆಲಸ ಈಗ ಬೆಂಗಳೂರು ದಾಟಿ ಸಾಲಗಾಮೆಗೆ ಬಂದಿದೆ. ಲ್ಯಾಪ್‌ಟಾಪು, ಇಂಟರ್‌ಫೇಸು, ಒಂದೆರಡು ಮೈಕು ಸಾಲದಲ್ಲಾದರೂ ಕೊಂಡು ನಾವು ಅದನ್ನು ತಂದಿದ್ದೇವೆ.

ಮನೆಯಲ್ಲಿ ಒಬ್ಬನೇ ಶುರು ಮಾಡಿದ ಕೆಲಸವನ್ನು ಸರ್ಕಾರ ಗುರುತಿಸಿದ್ದು ಈ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಅವರು ಸರ್ಕಾರಿ ಬಾನುಲಿಯ ನೌಕರರಾಗಿರಲಿಲ್ಲ, ಉತ್ಸಾಹ ಇದ್ದ ಒಬ್ಬ ಮೇಷ್ಟ್ರು. ಆಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಆಕಾಶವಾಣಿ ಎಂಬ ಹೆಸರೇ ಅಲ್ಲಿಂದ ದೇಶಕ್ಕೆಲ್ಲ ಹರಡಿತು. ನಮ್ಮ ಹಾಸನದ ಆಕಾಶವಾಣಿ ಇರುವುದೂ ಸಾಲಗಾಮೆ ರಸ್ತೆಯಲ್ಲೇ. ಈ ಭಾಗದ ಎಷ್ಟೋ ಭಜನಾ ಮಂಡಳಿಗಳು, ಜನಪದ ತಂಡಗಳು ಮೊದಲ ಬಾರಿಗೆ ಮೈಕಿನ ಮುಂದೆ ಕೂತದ್ದು ಅಲ್ಲಿ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ 60 ವರ್ಷದ ಹಕ್ಕಿದೆ. ಆ ಹಕ್ಕು ನಿರ್ಮಾಪಕನದು, ಅಂದರೆ ಮುದ್ರಣಕ್ಕೆ ಮುಂದಾಗಿ ಹೊಣೆ ಹೊತ್ತವನದು. 2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಧನವನ್ನು ಯಾರೂ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ಹಾಡಿದವರಿಗೆ ಪ್ರದರ್ಶಕರೆಂದು ಮೊದಲೇ ಇದ್ದ ಹಕ್ಕೂ ಗಟ್ಟಿಯಾಯಿತು. ಆ ಕಾಯ್ದೆಯ ಪ್ರದರ್ಶಕರ ಪಟ್ಟಿಯಲ್ಲಿ ನಟ, ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರಾಟದವರು, ಜಾದೂಗಾರರು, ಹಾವಾಡಿಗರು, ಉಪನ್ಯಾಸ ಮಾಡುವವರು ಎಲ್ಲರೂ ಇದ್ದಾರೆ. ಅವರೆಲ್ಲ ಇರಬೇಕಾದವರೇ, ಬೀದಿಯಲ್ಲಿ ಕಲೆ ತೋರಿಸಿ ಬದುಕುವವರನ್ನು ನೆನೆದ ಕಾನೂನಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಬೇರೆಯವರಿಗಾಗಿ ಧ್ವನಿ ಹಿಡಿದವನಿಗೆ ಆ ಕಾಯ್ದೆಯಲ್ಲಿ ಹಕ್ಕು ಇಲ್ಲ. ಕಚೇರಿ ದುಡ್ಡು ಕೊಟ್ಟು ಮಾಡಿಸಿದರೆ ನಿರ್ಮಾಪಕ ಕಚೇರಿಯೇ. ನಾವೇ ನಮ್ಮ ದುಡ್ಡಿನಲ್ಲಿ ಅಜ್ಜಿಯ ಪದ ಮುದ್ರಿಸಿ ಏರಿಸಿದರೆ ಹಕ್ಕು ನಮ್ಮದು, ಆದರೆ ಹಣ ಬರುವುದಿಲ್ಲ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ: ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿ ಕೇಳದ ಹಾಡಿಗೆ ರಾಯಧನ ಇಲ್ಲ. ಸೋಬಾನೆ ಪದವನ್ನು ವರ್ಷದಲ್ಲಿ ಸಾವಿರ ಸಲ ಹುಡುಕಿ ಕೇಳುವವರು ಎಲ್ಲಿದ್ದಾರೆ? ದೊಡ್ಡ ಮಾರುಕಟ್ಟೆಗೆ ಮಾಡಿದ ನಿಯಮ ಸಣ್ಣ ಊರಿನ ಹಾಡನ್ನು ಲೆಕ್ಕದಿಂದಲೇ ತೆಗೆದುಹಾಕಿತು. ಕೇಂದ್ರದ ಕಾಯ್ದೆಯನ್ನೂ ಹೊರದೇಶದ ಕಂಪನಿಯನ್ನೂ ತಿದ್ದಿ ಎಂದು ತಮ್ಮನ್ನು ಕೇಳುವುದಿಲ್ಲ. ತಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಕೇಳುತ್ತೇನೆ.

ತಮ್ಮ ಕೈಯಲ್ಲಿ ಇರುವುದು ಕಡಿಮೆಯಲ್ಲ. ಧ್ವನಿಮುದ್ರಣ ಒಂದು ವೃತ್ತಿ ಎಂಬುದನ್ನು ಸರ್ಕಾರ ಹಲವು ಕಡೆ ಈಗಾಗಲೇ ಒಪ್ಪಿದೆ. ಹಿಂದೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ, ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ, ರಾಜ್ಯ ಸರ್ಕಾರವೇ ಈ ವಿದ್ಯೆಗೆ ಡಿಪ್ಲೊಮಾ ಕೊಡುತ್ತದೆ. ಜಿಎಸ್‌ಟಿ ಪಟ್ಟಿಯಲ್ಲಿ ಧ್ವನಿಮುದ್ರಣ ಸೇವೆಗೆ 999611 ಎಂಬ ಪ್ರತ್ಯೇಕ ಸಂಕೇತವಿದೆ, ಅದು ಶಾಮಿಯಾನದ ಸಂಕೇತವಲ್ಲ. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ 5920 ಎಂಬ ವರ್ಗ ಧ್ವನಿಮುದ್ರಣ ಮತ್ತು ಸಂಗೀತ ಪ್ರಕಾಶನಕ್ಕೇ ಮೀಸಲು. ಉದ್ಯಮ್ ನೋಂದಣಿ ಮಾಡಿಸುವಾಗ ನಾವು ಬರೆಯುವುದು ಅದನ್ನೇ. ಕಲಿಸುವ ಇಲಾಖೆಗೆ ನಾವು ಗೊತ್ತು, ತೆರಿಗೆಯ ಇಲಾಖೆಗೆ ಗೊತ್ತು, ಕೈಗಾರಿಕೆಯ ಇಲಾಖೆಗೆ ಗೊತ್ತು. ಹಾಡಿಸಿಕೊಳ್ಳುವ ಕಚೇರಿಗೆ ಮಾತ್ರ ಗೊತ್ತಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟದ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂದು ಕಾನೂನು ಹೇಳಿದರೂ, ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ಕೊಟೇಷನ್ ತೆಗೆದುಕೊಳ್ಳುವುದಿಲ್ಲ ಎನ್ನುವವರು ಇದ್ದಾರೆ. ನಮ್ಮಲ್ಲಿ ಯಾರ ವಹಿವಾಟೂ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಸರ್ಕಾರ ಹಣ ಪಾವತಿಸುವ ಖಜಾನೆ-2 ವ್ಯವಸ್ಥೆಯಲ್ಲಿ ಹೆಸರು ಸೇರಿಸಿ, ರೆಸಿಪಿಯೆಂಟ್ ಐಡಿ ಮಾಡಿಸಿ, ಮೂರು ಕೊಟೇಷನ್ ತರಿಸಿ ಎನ್ನುತ್ತಾರೆ. ಮಾಡುತ್ತೇವೆ. ಆದರೆ ಕೊಟೇಷನ್ನನ್ನು ಯಾವುದರ ಜೊತೆ ಹೋಲಿಸುತ್ತಾರೆ? ಮೈಕ್‌ಸೆಟ್ಟಿನ ದಿನಬಾಡಿಗೆಯ ಜೊತೆ. ಹಾಗೆ ಹೋಲಿಸಿದರೆ ನಾವು ಯಾವತ್ತೂ ದುಬಾರಿ.

2024ರ ಜುಲೈನಲ್ಲಿ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣದ ಮಸೂದೆಯನ್ನು ಒಪ್ಪಿತು. ಸಿನಿಮಾ ಟಿಕೆಟಿನ ಮೇಲೆ, ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ, ಆ ಹಣದಿಂದ ನಿಧಿ ಮಾಡಿ, ಈ ಕ್ಷೇತ್ರದಲ್ಲಿ ದುಡಿಯುವವರಿಗೆ ಆಸರೆಯಾಗಬೇಕೆಂಬುದು ಅದರ ಆಶಯ. ನನ್ನಂಥವರಿಗೆ ಅದನ್ನು ಓದಿ ಧೈರ್ಯ ಬಂತು, ಏಕೆಂದರೆ ಕಲಾವಿದರ ಜೊತೆ ತಾಂತ್ರಿಕ ಕೆಲಸದವರನ್ನೂ ಅದು ನೆನೆದಿದೆ. ಆದರೆ 'ಕೆಲಸಕ್ಕೆ ನೇಮಿಸಿಕೊಂಡವರು' ಎಂಬ ಅರ್ಥದಲ್ಲಿ ಅದನ್ನು ಓದಿದರೆ ನಾವು ಹೊರಗೆ ಉಳಿಯುತ್ತೇವೆ. ನಮ್ಮನ್ನು ನೇಮಿಸಿಕೊಂಡವರು ಯಾರೂ ಇಲ್ಲ. ನೋಂದಣಿಗೆ ಸಿನಿಮಾ ನಿರ್ಮಾಪಕರ ಪತ್ರವನ್ನೋ, ಬೆಂಗಳೂರಿನ ಯಾವುದೋ ಒಕ್ಕೂಟದ ಸದಸ್ಯತ್ವವನ್ನೋ ಕೇಳಿದರೆ ಸಾಲಗಾಮೆಯವನು ಎಲ್ಲಿಂದ ತರಬೇಕು? ನಾವು ಸಿನಿಮಾಕ್ಕೆ ಕೆಲಸ ಮಾಡುವುದು ಅಪರೂಪ. ನಾವು ಮಾಡುವುದು ದೇವರ ಹಾಡು, ನಾಟಕದ ಹಾಡು, ಶಾಲೆಯ ಹಾಡು, ಸಂಘದ ಹಾಡು, ಮದುವೆಯ ಸೋಬಾನೆ. ಸಾಂಸ್ಕೃತಿಕ ಎಂಬ ಮಾತು ಆ ಕಾಯ್ದೆಯ ಹೆಸರಿನಲ್ಲೇ ಇದೆ. ಅದಕ್ಕೆ ಜೀವ ಬರಬೇಕಾದರೆ ತಾವು ಕಾರ್ಮಿಕ ಇಲಾಖೆಯ ನಿಯಮಗಳಲ್ಲಿ ಸ್ವತಂತ್ರ ಧ್ವನಿಮುದ್ರಕ, ಸ್ವತಂತ್ರ ಸಂಗೀತ ನಿರ್ಮಾಪಕ ಎಂಬ ಮಾತುಗಳನ್ನು ಬಿಡಿಸಿ ಬರೆಯಬೇಕು. ಮುದ್ರಿಸಿದ ಕೃತಿಗಳನ್ನೂ, ಹಾಡಿದವರು ಕೊಟ್ಟ ಪತ್ರವನ್ನೂ ಆಧಾರವಾಗಿ ಒಪ್ಪಬೇಕು. ಅರ್ಜಿಯನ್ನು ಹಾಸನದಲ್ಲೇ ಕೊಡುವಂತಿರಬೇಕು.

ಆರೋಗ್ಯದ ಮಾತೂ ಇದೆ. ದಿನವಿಡೀ ಹೆಡ್‌ಫೋನಿನಲ್ಲಿ ಕೇಳುವವರ ಕಿವಿಯಲ್ಲಿ ಸದ್ದು ಮೊಳಗಲು ಶುರುವಾದರೆ ಅದು ಹೋಗುವುದಿಲ್ಲ. ಕಿವಿ ಹೋದರೆ ನಮಗೆ ಕಸುಬೇ ಹೋಯಿತು. ಇಎಸ್‌ಐ ಇಲ್ಲ, ಪಿಎಫ್ ಇಲ್ಲ.

ದನಿಯ ಕೆಲಸವನ್ನು ತಿಳಿಯದಿದ್ದರೆ ಎಂಥ ಪ್ರಮಾದವಾಗುತ್ತದೆ ಎಂಬುದಕ್ಕೆ ನಮ್ಮ ಕನ್ನಡ ಚಿತ್ರವೇ ಸಾಕ್ಷಿ. 2022ರಲ್ಲಿ ಪ್ರಕಟವಾದ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ಡೊಳ್ಳು' ಅತ್ಯುತ್ತಮ ಕನ್ನಡ ಚಿತ್ರವಾಯಿತು, ನಮಗೆಲ್ಲ ಹೆಮ್ಮೆ. ಅದೇ ಚಿತ್ರಕ್ಕೆ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಹಿಡಿದ ವಿಭಾಗದ ಪ್ರಶಸ್ತಿಯೂ ಬಂತು. ಆದರೆ ಆ ಚಿತ್ರ ಡಬ್ಬಿಂಗ್ ಆದದ್ದು ಎಂದು ಅದರ ಧ್ವನಿ ವಿನ್ಯಾಸಕರೇ ಹೇಳಿದರು, ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಅದನ್ನು ಎತ್ತಿ ಹಿಡಿದರು. ಸ್ಥಳದ ಧ್ವನಿ ಯಾವುದು, ಸ್ಟುಡಿಯೋದಲ್ಲಿ ಕೂಡಿಸಿದ್ದು ಯಾವುದು ಎಂದು ದೇಶದ ಅತಿ ದೊಡ್ಡ ತೀರ್ಪುಗಾರ ಸಮಿತಿಯೇ ಎಡವಿತು. ಆಮೇಲೆ ನಿಯಮ ಬದಲಾಯಿತು. ಮೂರು ವಿಭಾಗಗಳಲ್ಲಿ ಸಿಗುತ್ತಿದ್ದ ಧ್ವನಿಗ್ರಹಣ ಪ್ರಶಸ್ತಿ 70ನೇ ಪ್ರಶಸ್ತಿಗಳಿಂದ ಧ್ವನಿ ವಿನ್ಯಾಸಕ್ಕೆ ಮಾತ್ರ ಎಂದಾಯಿತು. ಸ್ಥಳದಲ್ಲಿ ಮೈಕು ಹಿಡಿದವರೂ ಕೊನೆಯ ಮಿಶ್ರಣ ಮಾಡಿದವರೂ ಪಟ್ಟಿಯಿಂದ ಹೊರಬಿದ್ದರು. ಹೊರದೇಶದಲ್ಲಿ ಹೀಗಿಲ್ಲ. ಬೆಂಗಳೂರಿನ ರಿಕಿ ಕೇಜ್ ಅವರ 'ಡಿವೈನ್ ಟೈಡ್ಸ್' 2023ರಲ್ಲಿ ಗ್ರ್ಯಾಮಿ ಪಡೆದಾಗ ಆ ವಿಭಾಗದಲ್ಲಿ ಮಿಕ್ಸ್ ಮಾಡಿದ ಎಂಜಿನಿಯರಿಗೂ ಅದೇ ಪ್ರಶಸ್ತಿ ಸಿಕ್ಕಿತು.

ಹೆಸರಿನ ಬೆಲೆ ತಿಳಿಯಲು ಇನ್ನೂ ಹಿಂದಕ್ಕೆ ಹೋಗಬಹುದು. 1902ರಲ್ಲಿ ಕಲ್ಕತ್ತಾದಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರು ತಾವೇ ಹೇಳುತ್ತಿದ್ದರು. ಆಕೆ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡಿದವರ ಹೆಸರೂ ಮುದ್ರಿಸಿದವನ ಹೆಸರೂ ಉಳಿದದ್ದರಿಂದ ಆ ಹಾಡುಗಳ ಚರಿತ್ರೆ ಬರೆಯಲು ಸಾಧ್ಯವಾಯಿತು. ನಾನು ಪ್ರತಿ ಮುದ್ರಣದ ಮೊದಲಿಗೆ ತಾರೀಖು, ಊರು, ಹಾಡುವವರ ಹೆಸರು, ಪದ ಯಾರಿಂದ ಕಲಿತದ್ದು ಎಂದು ಹೇಳಿಸಿ ಮುದ್ರಿಸುತ್ತೇನೆ. ಸರ್ಕಾರಿ ಹಾಡುಗಳು ಬಿಡುಗಡೆಯಾಗುವಾಗ ಮಾತ್ರ ಆ ವಿವರವೆಲ್ಲ ಕತ್ತರಿಸಿಹೋಗುತ್ತದೆ.

ಆದ್ದರಿಂದ ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಲ್ಲಿ ನನ್ನ ಕೋರಿಕೆ ಇಷ್ಟು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಒಂದು ಸುತ್ತೋಲೆ ಸಾಕು: ಸರ್ಕಾರದ ಯಾವುದೇ ಕಚೇರಿ ಹಾಡನ್ನೋ ಧ್ವನಿ ಸಂದೇಶವನ್ನೋ ಮಾಡಿಸಿದರೆ ಧ್ವನಿಮುದ್ರಣಕ್ಕೆ, ಮಿಶ್ರಣಕ್ಕೆ ಪ್ರತ್ಯೇಕ ಬಾಬ್ತು ಇರಬೇಕು, ಅದಕ್ಕೊಂದು ದರಪಟ್ಟಿ ಇರಬೇಕು. ದರಪಟ್ಟಿ ಮಾಡುವಾಗ ಆಕಾಶವಾಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರುಗಳನ್ನು, ಜಿಲ್ಲೆಗಳಲ್ಲಿ ದುಡಿಯುವ ನಮ್ಮಂಥವರನ್ನು ಕೂರಿಸಿಕೊಂಡು ಕೇಳಿ. ಬರೆದವರ, ಹಾಡಿದವರ ಹೆಸರಿನ ಕೆಳಗೆ ಮುದ್ರಿಸಿದವರ ಹೆಸರೂ ಕಡ್ಡಾಯವಾಗಲಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಜಿಲ್ಲೆಯ ಜನಪದ ಮುದ್ರಣಗಳ ಮೂಲಪ್ರತಿಯನ್ನು ಇಲಾಖೆ ಪಡೆದು ಕಾಪಾಡುವ ಏರ್ಪಾಡು ಆಗಲಿ, ಹಕ್ಕನ್ನು ನಮ್ಮಿಂದಲೂ ಹಾಡಿದವರಿಂದಲೂ ಕಿತ್ತುಕೊಳ್ಳದೆ. ಅದು ತಡವಾದಷ್ಟೂ ನಷ್ಟ ನನ್ನದಲ್ಲ, ಈ ಜಿಲ್ಲೆಯದು. ಕಷ್ಟದಲ್ಲಿರುವ ಕಲಾವಿದರಿಗೆ ಕೊಡುವ ಮಾಸಾಶನಕ್ಕೆ ಧ್ವನಿಯಲ್ಲೇ ಬಾಳು ಸವೆಸಿದವರೂ ಅರ್ಜಿ ಹಾಕುವಂತಾಗಲಿ.

ಕಾರ್ಮಿಕ ಸಚಿವರಲ್ಲಿ ಕೇಳುವುದು ಇನ್ನೂ ಸಣ್ಣದು. ಮೇಲೆ ಹೇಳಿದಂತೆ ಕಲ್ಯಾಣ ಕಾಯ್ದೆಯ ನಿಯಮಗಳಲ್ಲಿ ಸ್ವತಂತ್ರರನ್ನೂ ಸೇರಿಸಿ, ಬೆಂಗಳೂರಿನ ಹೊರಗಿನವರು ತಮ್ಮ ಜಿಲ್ಲೆಯಲ್ಲೇ ನೋಂದಾಯಿಸುವಂತೆ ಮಾಡಿ.

ಓದುವ ತಮ್ಮೆಲ್ಲರಲ್ಲೂ ಒಂದು ಮಾತು. ನಿಮ್ಮ ಊರಿನ ಶಾಲೆ, ಸಂಘ, ದೇವಸ್ಥಾನ ಒಂದು ಹಾಡು ಮಾಡಿಸಿದರೆ ಅದನ್ನು ಮುದ್ರಿಸಿದವರ ಹೆಸರು ಕೇಳಿ, ಫಲಕದಲ್ಲಿ ಹಾಕಿಸಿ, ಒಪ್ಪಿದ ಹಣವನ್ನು ಒಪ್ಪಿದ ದಿನ ಕೊಡಿ. ನಿಮ್ಮ ಮನೆಯಲ್ಲಿ ಪದ ಬಲ್ಲ ಹಿರಿಯರಿದ್ದರೆ ಹತ್ತಿರದ ಯಾವ ಧ್ವನಿಮುದ್ರಕನನ್ನಾದರೂ ಈ ವರ್ಷವೇ ಕರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಸ್ವತಂತ್ರ ಧ್ವನಿಮುದ್ರಕ,
ಸಾಲಗಾಮೆ, ಹಾಸನ ತಾಲ್ಲೂಕು